ಅಟೆಂಡರ್ ಹೇಳಿದ ಉಪ್ಪು

ಮೇಡಂ, ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೇನೆ. ಪಿಯುಸಿಯಿಂದಲೂ ನನಗೆ ಕೆಮಿಸ್ಟ್ರಿ ಅಂದರೆ ಇಷ್ಟ. ಆದರೆ ಕೆಮಿಸ್ಟ್ ಆಗುತ್ತೇನೆ ಎಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪಯ್ಯನಿಗೆ ಕೆಮಿಸ್ಟ್ ಎಂದರೆ ಪೇಟೆಯ ಮೆಡಿಕಲ್ ಶಾಪಿನವರು. "ಮಾತ್ರೆ ಕೊಡಲಿಕ್ಕೆ ಇಷ್ಟೆಲ್ಲ ಓದಬೇಕೇನೇ?" ಎನ್ನುತ್ತಾರೆ. ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆರು ತಿಂಗಳ ಕೋರ್ಸ್ ಮಾಡಿದರೆ ಎಲ್ಲಾದರೂ ಸೇರಿಸುತ್ತೇನೆ ಅನ್ನುತ್ತಾನೆ. ಅತ್ತೆ ಹೈಸ್ಕೂಲ್ ಟೀಚರ್, ಅವರದು ಬಿ.ಎಡ್. ಜಪ. ಅಮ್ಮನದು ಬೇರೆಯೇ ಚಿಂತೆ: ದಿನವಿಡೀ ಕೆಮಿಕಲ್ ವಾಸನೆ ಕುಡಿದರೆ ನಾಳೆ ಮದುವೆ, ಮಕ್ಕಳು ಎಲ್ಲ ಹೇಗೆ ಅಂತ.

ಕಾಲೇಜಿಗೆ ಬೆಂಗಳೂರಿನ ಒಂದು ಔಷಧ ಕಂಪನಿಯವರು ಬಂದಿದ್ದರು. ನನ್ನನ್ನು ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಟ್ರೈನಿ ಎಂದು ಆರಿಸಿದ್ದಾರೆ. ಸಂಬಳ ತಿಂಗಳಿಗೆ 17 ಸಾವಿರ. ಎರಡು ವರ್ಷದ ಬಾಂಡ್, ಮೂಲ ಅಂಕಪಟ್ಟಿಗಳನ್ನು ಅವರ ಹತ್ತಿರ ಕೊಡಬೇಕಂತೆ. ನನಗೆ ಎಂ.ಎಸ್‌ಸಿ. ಮಾಡುವ ಆಸೆ. ಆದರೆ ಎಲೆಚುಕ್ಕೆ ರೋಗ ಬಂದಮೇಲೆ ಅಡಿಕೆ ತೋಟ ಸೋತಿದೆ, ಸೊಸೈಟಿ ಸಾಲ ಹಾಗೇ ಇದೆ, ತಮ್ಮ ಪಿಯುಸಿಯಲ್ಲಿದ್ದಾನೆ.

ನಾನು ಅಂಥ ಬುದ್ಧಿವಂತೆಯೂ ಅಲ್ಲ, ಸ್ವಲ್ಪ ಮೊಂಡಿ. ಹಿಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅಟೆಂಡರಣ್ಣ ಎಲ್ಲರ ಕಿವಿಯಲ್ಲೂ "ಬೇರಿಯಂ" ಅಂತ ಹೇಳಿಹೋದ. ಎಲ್ಲರೂ ಅದನ್ನೇ ಬರೆದರು. ನನ್ನ ಉಪ್ಪು ಜ್ವಾಲೆಯಲ್ಲಿ ಕೆಂಪಗೆ ಉರಿಯಿತು. ಕ್ರೋಮೇಟ್ ಹಾಕಿ ನೋಡಿದೆ, ಬೇರಿಯಂಗೆ ಬರುವ ಹಳದಿ ಗಸಿ ಬರಲಿಲ್ಲ. ಸ್ಟ್ರಾನ್ಶಿಯಂ ಎಂದು ಬರೆದೆ. ಬಾಟಲಿ ಅದಲುಬದಲಾಗಿತ್ತಂತೆ. ಗೆಳತಿಯರು ಎರಡು ವಾರ ನನ್ನನ್ನು ಮಾತಾಡಿಸಲಿಲ್ಲ. ಇಂಥ ಸ್ವಭಾವ ಇಟ್ಟುಕೊಂಡು ಕಂಪನಿಯಲ್ಲಿ ಬಾಳುತ್ತೇನಾ? ಏನು ಮಾಡಲಿ, ಹೇಳಿ.

– ಸಾಗರದ ಓದುಗಿ

ನಿನ್ನ ಪತ್ರದಲ್ಲಿ ನೆಂಟರಿಗೆ ಒಂದು ಪುಟ, ಸಂಬಳ ಸಾಲಗಳಿಗೆ ಒಂದು ಪುಟ. ಸ್ಟ್ರಾನ್ಶಿಯಂಗೆ ಕೊನೆಯಲ್ಲಿ ಕೆಲವೇ ಸಾಲು, ಅದೂ ತಪ್ಪೊಪ್ಪಿಗೆಯ ಧಾಟಿಯಲ್ಲಿ. ನಾನು ಮೂರು ಸಲ ಓದಿದ್ದು ಆ ಸಾಲುಗಳನ್ನೇ. (ನಿನಗೆ ನನ್ನ ವಿದ್ಯಾರ್ಥಿನಿಯರ ವಯಸ್ಸು. ಏಕವಚನ ತಾನಾಗಿಯೇ ಬಂತು, ಬೇಸರ ಮಾಡಿಕೊಳ್ಳಬೇಡ.)

ಬೇರಿಯಂ ಉರಿದರೆ ಸೇಬಿನ ಹಸಿರು, ಸ್ಟ್ರಾನ್ಶಿಯಂ ಉರಿದರೆ ಕಡುಗೆಂಪು. ಎರಡೂ ಬಿಳಿ ಪುಡಿಗಳೇ. ವಿಶ್ಲೇಷಣೆಯಲ್ಲಿ ಎರಡೂ ಒಂದೇ ಗುಂಪಿನಲ್ಲಿ ಕಾರ್ಬನೇಟ್ ಆಗಿ ತಳಕ್ಕೆ ಇಳಿಯುತ್ತವೆ. ಬಾಟಲಿ ಬದಲಾಗುವುದು ದೊಡ್ಡ ವಿಷಯವಲ್ಲ. ಪಕ್ಕದ ಮೇಜುಗಳಲ್ಲೆಲ್ಲ ಒಂದೇ ಹೆಸರು ಬರೆಯುತ್ತಿದ್ದಾಗ ನೀನು ಕಣ್ಣೆದುರಿನ ಬಣ್ಣವನ್ನು ನಂಬಿದೆ. ಅಷ್ಟಕ್ಕೇ ನಿಲ್ಲದೆ ಕ್ರೋಮೇಟ್ ಹಾಕಿ ಇನ್ನೊಮ್ಮೆ ಕೇಳಿ ನೋಡಿದೆ. ಇದಕ್ಕೆ ನೀನು ಮೊಂಡುತನ ಎಂದು ಹೆಸರಿಟ್ಟಿದ್ದೀಯ. ಇರಲಿ. ನಾನು ಹದಿನಾಲ್ಕು ವರ್ಷ ಔಷಧ ಕಂಪನಿಗಳ ಲ್ಯಾಬಿನಲ್ಲಿದ್ದು ಆಮೇಲೆ ಕಾಲೇಜಿಗೆ ಬಂದವಳು. ಕೆಲಸಕ್ಕೆ ಹುಡುಗರನ್ನು ಆರಿಸುವಾಗ ನಾವು ಹುಡುಕುತ್ತಿದ್ದದ್ದು ಈ ಮೊಂಡುತನವನ್ನೇ, ಸಿಗುತ್ತಿದ್ದದ್ದು ಅಪರೂಪ. ಸಮೀಕರಣ ಬರೆಯುವುದನ್ನು ಯಾರಿಗಾದರೂ ಕಲಿಸಬಹುದು.

ಮೊದಲು ಅಪ್ಪಯ್ಯನ ಗೊಂದಲ ಬಿಡಿಸೋಣ. ತಪ್ಪು ಅವರದಲ್ಲ, ಅಂಗಡಿಗಳ ಬೋರ್ಡಿನದು. "ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್" ಎಂದು ಬರೆಯುವ ಪದ್ಧತಿ ಇಂಗ್ಲಿಷರ ಕಾಲದಿಂದ ಬಂದದ್ದು. ಆ ಅಂಗಡಿಗಳಲ್ಲಿ ಔಷಧಿ ಕೊಡುವವರು ಫಾರ್ಮಸಿಸ್ಟ್. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಅವರು ಹೆಸರು ನೋಂದಾಯಿಸಿರಬೇಕು, ಅದಕ್ಕೆ ಡಿ.ಫಾರ್ಮ. ಅಥವಾ ಬಿ.ಫಾರ್ಮ. ಓದಿರಬೇಕು. ನಿನ್ನ ಬಿ.ಎಸ್‌ಸಿ. ಹಿಡಿದುಕೊಂಡು ಅಲ್ಲಿ ಔಷಧಿ ಕೊಡಲು ಆಗುವುದೇ ಇಲ್ಲ. ಹಾಗಾದರೆ ಕೆಮಿಸ್ಟ್ ಅಂದರೆ ಯಾರು ಎಂದು ಅಪ್ಪಯ್ಯ ಕೇಳುತ್ತಾರೆ. ಆಗ ಸಿ.ಎನ್.ಆರ್. ರಾವ್ ಅವರ ಹೆಸರು ಹೇಳಬೇಡ. ಭಾರತರತ್ನ ತೋರಿಸಿ ಸೊಸೈಟಿ ಸಾಲದವರನ್ನು ಒಪ್ಪಿಸಲು ಆಗುವುದಿಲ್ಲ. ಮನೆಯ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋಗು.

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅಲ್ಲಿ ಅಪ್ಪಯ್ಯ ಮಾಡುವುದೇನು? ಒಂದು ಕೆ.ಜಿ. ಮೈಲುತುತ್ತ ಒಂದು ಕಡೆ, ಒಂದು ಕೆ.ಜಿ. ಸುಣ್ಣ ಇನ್ನೊಂದು ಕಡೆ ಕರಗಿಸಿ, ಎರಡನ್ನೂ ಸೇರಿಸಿ ನೂರು ಲೀಟರ್ ಮಾಡುತ್ತಾರೆ. ಕಬ್ಬಿಣದ ಪಾತ್ರೆ ಮುಟ್ಟುವುದಿಲ್ಲ. ಮದ್ದು ಹೊಡೆಯುವ ಕೊನೆಗೌಡ ಮರ ಹತ್ತುವ ಮುಂಚೆ ಕತ್ತಿಯ ಅಲಗನ್ನು ಆ ನೀಲಿ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಅಂಟಿದ್ದರೆ "ಸುಣ್ಣ ಸಾಲದು" ಎಂದು ಇನ್ನಷ್ಟು ಸುರಿಯುತ್ತಾರೆ. ಆ ಕೆಂಪು ತಾಮ್ರವೇ ಎಂದು ನಿನಗೆ ಗೊತ್ತು: ಕಬ್ಬಿಣ ಕರಗಿ, ನೀರಿನಲ್ಲಿದ್ದ ತಾಮ್ರ ಅಲಗಿನ ಮೇಲೆ ಕುಳಿತಿದೆ. ಸುಣ್ಣಕ್ಕೆ ಸಿಗದೆ ಉಳಿದ ಮೈಲುತುತ್ತ ಅಡಿಕೆಯ ಎಳೆ ಕಾಯನ್ನೇ ಸುಡುತ್ತದೆ. ಸುಣ್ಣ ಸರಿಯಾಗಿ ಸೇರಿದ್ದರೆ ತಾಮ್ರ ಕರಗದ ರೂಪಕ್ಕೆ ಹೋಗಿ, ಮಳೆಗೆ ಪೂರ್ತಿ ತೊಳೆದುಹೋಗದೆ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ ಕೊಳೆರೋಗದ ಬೂಷ್ಟನ್ನು ಕೊಲ್ಲುತ್ತದೆ. ನಿನ್ನ ಅಪ್ಪಯ್ಯ ವರ್ಷಕ್ಕೆ ಎರಡು ಸಲ ಗುಣಾತ್ಮಕ ವಿಶ್ಲೇಷಣೆ ಮಾಡುವ ಮನುಷ್ಯ. ಮಗಳು ಅದನ್ನೇ ಮಾಡುತ್ತೇನೆ ಎಂದರೆ ಮೆಡಿಕಲ್ ಶಾಪ್ ನೆನಪಾಗುತ್ತದೆ, ಅಷ್ಟೇ.

ಈ ಬೋರ್ಡೋ ದ್ರಾವಣ ಹುಟ್ಟಿದ ಕತೆಯೂ ನಿನ್ನ ಕೆಂಪು ಜ್ವಾಲೆಯ ಕತೆಯ ಜಾತಿಯದೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ತೋಟದವರು ಮೈಲುತುತ್ತ ಸುಣ್ಣ ಚಿಮುಕಿಸುತ್ತಿದ್ದರು. ನೋಡಲು ಅಸಹ್ಯ, ಬಾಯಿಗೆ ಕಹಿ. 1880ರ ದಶಕದಲ್ಲಿ ಬಳ್ಳಿಗಳಿಗೆಲ್ಲ ಬೂಷ್ಟು ರೋಗ ಬಂದಾಗ ರಸ್ತೆ ಪಕ್ಕದವು ಮಾತ್ರ ಹಸಿರಾಗಿ ನಿಂತಿದ್ದವು. ಆ ದಾರಿಯಲ್ಲಿ ಎಷ್ಟೋ ಜನ ಓಡಾಡಿರಬೇಕು, ನಿಂತು ನೋಡಿದ್ದು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ. ಕೆಮಿಸ್ಟ್ ಒಬ್ಬರನ್ನು ಜೊತೆಗಿಟ್ಟುಕೊಂಡು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅದನ್ನು ನಮ್ಮ ಮಲೆನಾಡಿನ ಅಡಿಕೆಗೆ ತಂದವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಅದಕ್ಕೂ ಮೊದಲು ಅಡಿಕೆ ಕೊನೆಗಳಿಗೆ ಮಳೆ ತಡೆಯುವ ಕೊಟ್ಟೆ ಕಟ್ಟುತ್ತಿದ್ದರು. ನಿನ್ನ ಅಜ್ಜಿ ಹಿರಿಯರಿಂದ ಕೇಳಿದ್ದು ನೆನಪಿದೆಯಾ ಎಂದು ವಿಚಾರಿಸು.

ಇನ್ನೂ ಒಂದು ಮಾತು ಅಪ್ಪಯ್ಯನಿಗೆ ನಾಟುತ್ತದೆ. ಎಲೆಚುಕ್ಕೆಗೆಂದು ತಂದ ಪ್ರೊಪಿಕೊನಜೋಲ್ ಬಾಟಲಿಯ ಮೇಲೆ ಶೇ 25 ಎಂದು ಬರೆದಿರುತ್ತದೆ. ಒಳಗೆ ನಿಜವಾಗಿ ಇಪ್ಪತ್ತೈದೇ ಇದೆಯೋ, ಹನ್ನೆರಡೋ, ಬರೀ ಬಣ್ಣದ ನೀರೋ ಎಂದು ಹೇಳುವವರು ಯಾರು? ಮಾರುವವನಲ್ಲ, ಕೊಳ್ಳುವವನಲ್ಲ. ಒಬ್ಬ ಕೆಮಿಸ್ಟ್. ನಿನಗೆ ಈಗ ಸಿಕ್ಕಿರುವ ಕ್ಯೂಸಿ ಕೆಲಸವೆಂದರೆ ಔಷಧಿ ಮಾತ್ರೆಗಳ ವಿಷಯದಲ್ಲಿ ಇದೇ ಕೆಲಸ.

ಆ ಕೆಲಸ ದಿನವೂ ಹೇಗಿರುತ್ತದೆ ಎಂದು ನಿನಗೆ ಯಾರೂ ಹೇಳಿದಂತಿಲ್ಲ. ಬೆಳಿಗ್ಗೆ ಹೋದ ಕೂಡಲೇ ತಕ್ಕಡಿಯ ಮೇಲೆ ಗೊತ್ತಿರುವ ತೂಕವಿಟ್ಟು ತಕ್ಕಡಿಯನ್ನೇ ಪರೀಕ್ಷಿಸುತ್ತೀಯ. ಪಿಎಚ್ ಮೀಟರಿಗೆ ಬಫರ್ ತೋರಿಸುತ್ತೀಯ. ಎಚ್‌ಪಿಎಲ್‌ಸಿ ಯಂತ್ರಕ್ಕೆ ಮೊಬೈಲ್ ಫೇಸ್ ಕಲಸಿ, 0.45 ಮೈಕ್ರಾನ್ ಜರಡಿಯಲ್ಲಿ ಸೋಸಿ, ಗಾಳಿಗುಳ್ಳೆ ಬಿಡಿಸಿ, ಕಾಲಂ ಹದಕ್ಕೆ ಬರುವವರೆಗೆ ಕಾಯುತ್ತೀಯ. ಮೊದಲು ಖಾಲಿ ದ್ರಾವಣ. ಆಮೇಲೆ ಸ್ಟ್ಯಾಂಡರ್ಡ್, ಅದೇ ಬಾಟಲಿಯಿಂದ, ಐದೋ ಆರೋ ಸಲ. ಎಲ್ಲ ಉತ್ತರಗಳೂ ಒಂದಕ್ಕೊಂದು ಹೊಂದಬೇಕು, ವ್ಯತ್ಯಾಸ ಸಾಮಾನ್ಯವಾಗಿ ಶೇ 2ರ ಒಳಗಿರಬೇಕು. ಹೊಂದಿದರೆ ಮಾತ್ರ ಸ್ಯಾಂಪಲ್ಲಿನ ಸರದಿ. ನೆನಪಾಯಿತಾ, ಬ್ಯುರೆಟ್ಟಿನಲ್ಲಿ ಮೂರು ಸಲ 10.2 ಬರಲೇಬೇಕೆಂದು ಪಟ್ಟು ಹಿಡಿಯುತ್ತಿದ್ದೆವಲ್ಲ? ಮೂರನೆಯದು 10.4 ಬಂದಾಗ ಅರ್ಧ ಕ್ಲಾಸು ಏನು ಬರೆಯುತ್ತಿತ್ತು ಎಂದು ನಮಗಿಬ್ಬರಿಗೂ ಗೊತ್ತು. ಅದೇ ಪ್ರಸಂಗ ಇಲ್ಲಿ ದಿನವೂ ಬರುತ್ತದೆ. ಮಾತ್ರೆ ನುಂಗುವವರು ಯಾರದೋ ಅಜ್ಜ, ಯಾರದೋ ಮಗು.

ನಿನ್ನ ಕೊನೆಯ ಪ್ರಶ್ನೆ ಇದಕ್ಕೇ ತಗಲುತ್ತದೆ, ಆದ್ದರಿಂದ ನನ್ನದೊಂದು ಸಂಗತಿ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ಆಷಾಢದ ಮಳೆ. ಒಂದು ಪುಡಿಯಲ್ಲಿ ನೀರಿನಂಶ ನೋಡುವ ಕಾರ್ಲ್ ಫಿಶರ್ ಪರೀಕ್ಷೆ. ಇರಬೇಕಾದದ್ದು ಶೇ 0.5ರ ಒಳಗೆ, ಬಂದದ್ದು 0.6. ಸೀನಿಯರ್ ಬಂದು ನೋಡಿ "ಇನ್ನೊಂದ್ಸಲ ಮಾಡು, ಬರುತ್ತೆ" ಎಂದರು. ಮತ್ತೆ 0.6. ಮೂರನೆಯ ಸಲ 0.5 ಬಂತು. ಮೊದಲ ಎರಡು ಚೀಟಿಗಳನ್ನು ಅವರು ಹರಿದು ಬುಟ್ಟಿಗೆ ಹಾಕಿದರು, ನಾನು ಮೂರನೆಯದನ್ನು ಬರೆದು ಸಹಿ ಮಾಡಿದೆ. ಬಾಯಿ ತೆರೆಯಲಿಲ್ಲ. ನೀನು ಪರೀಕ್ಷೆಯಲ್ಲಿ ಮಾಡಿದ್ದನ್ನು ನಾನು ಕೆಲಸದಲ್ಲಿದ್ದೂ ಮಾಡಲಿಲ್ಲ.

ಆ ಬ್ಯಾಚು ಬಹುಶಃ ಚೆನ್ನಾಗಿಯೇ ಇತ್ತು. ಮುಚ್ಚಳ ಸರಿಯಾಗಿ ಹಾಕದ ಬಾಟಲಿಯಲ್ಲಿ ಪುಡಿ ಮಳೆಗಾಲದ ಗಾಳಿಯ ತೇವ ಕುಡಿದಿರಬಹುದು. ಆದರೆ ಚೀಟಿ ಹರಿದಮೇಲೆ ಅದನ್ನು ತಿಳಿಯುವ ದಾರಿಯೇ ಇಲ್ಲ. ಪುಡಿ ಕೆಟ್ಟಿತ್ತೋ, ಬಾಟಲಿ ತೆರೆದಿತ್ತೋ, ಯಂತ್ರದ್ದೇ ದೋಷವೋ? 0.6 ಎಂದು ಬರೆದು, ಅದು ಯಾಕೆ ಬಂತು ಎಂದು ಹುಡುಕಿ, ಅದನ್ನೂ ಬರೆಯಬೇಕಿತ್ತು. ಇಂದು ಹಾಗೆ ಹರಿಯುವುದು ಕಷ್ಟ. ಯಂತ್ರ ಯಾರು ಯಾವ ನಿಮಿಷದಲ್ಲಿ ಏನು ಮಾಡಿದರು ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದನ್ನು ಆಡಿಟ್ ಟ್ರೇಲ್ ಎನ್ನುತ್ತಾರೆ. ಅಮೆರಿಕದ ಎಫ್‌ಡಿಎ ತಪಾಸಣೆಗೆ ಬಂದವರು ಮೊದಲು ಕೇಳುವ ವಸ್ತುಗಳಲ್ಲಿ ಅದೂ ಒಂದು. ಈ ಬಿಗಿ ಸುಮ್ಮನೆ ಬಂದದ್ದಲ್ಲ. 2013ರಲ್ಲಿ ನಮ್ಮ ದೇಶದ ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿಯ ಅಮೆರಿಕದ ಅಂಗಸಂಸ್ಥೆ ಸುಳ್ಳು ಮಾಹಿತಿ ಕೊಟ್ಟದ್ದೂ ಸೇರಿದಂತೆ ಹಲವು ಆರೋಪಗಳಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, 50 ಕೋಟಿ ಡಾಲರ್ ತೆರಬೇಕಾಯಿತು. ಆಮೇಲೆ ನಮ್ಮ ದೇಶದ ಔಷಧ ಲ್ಯಾಬುಗಳಲ್ಲಿ "ಡೇಟಾ ಇಂಟೆಗ್ರಿಟಿ" ಎಂಬ ಮಾತು ಕ್ಯಾಂಟೀನಿನಲ್ಲೂ ಕೇಳತೊಡಗಿತು. ನಿನ್ನ ಸ್ವಭಾವದವಳು ಕಂಪನಿಯಲ್ಲಿ ಬಾಳುತ್ತಾಳಾ ಎಂದು ಕೇಳಿದ್ದೀಯ. ಒಳ್ಳೆಯ ಕಂಪನಿಯಲ್ಲಿ ಬಾಳುತ್ತಾಳೆ. ಕೆಟ್ಟ ಕಂಪನಿಯಲ್ಲಿ ಗೆಳತಿಯರಷ್ಟೇ ಅಲ್ಲ, ಮ್ಯಾನೇಜರೂ ಎರಡು ವಾರ ಮಾತು ಬಿಡುತ್ತಾನೆ. ಅದಕ್ಕೇ ಎಲ್ಲಿಗೆ ಸೇರುತ್ತೀಯ ಎನ್ನುವುದು ಮುಖ್ಯ. ಇನ್ನೊಂದು ಮಾತು, ಇದು ಒಂದೇ ಕೆಲಸವನ್ನು ಸಾವಿರ ಸಲ ಮಾಡುವ ಬದುಕು. ಕೆಲವರಿಗೆ ಅದೇ ನೆಮ್ಮದಿ, ಕೆಲವರಿಗೆ ಎರಡನೇ ವರ್ಷಕ್ಕೇ ಉಸಿರು ಕಟ್ಟುತ್ತದೆ.

ಉಸಿರು ಕಟ್ಟುವ ಜಾತಿ ನಿನ್ನದಾದರೆ ಸಿಂಥಸಿಸ್ ಇದೆ. ಯಾರೂ ಮಾಡದ ಅಣುವನ್ನು ಹಂತಹಂತವಾಗಿ ಕಟ್ಟುವುದು. ಅಲ್ಲಿನ ದಿನ ಬೇರೆ. ಫ್ಯೂಮ್ ಹುಡ್ಡಿನೊಳಗೆ ರಿಯಾಕ್ಷನ್ ಹಾಕಿ, ಗಂಟೆಗೊಮ್ಮೆ ಟಿಎಲ್‌ಸಿ ಪಟ್ಟಿಯನ್ನು ಯುವಿ ದೀಪದ ಕೆಳಗೆ ಹಿಡಿದು, ಹಳೆ ಸ್ಪಾಟ್ ಕರಗಿತೇ ಹೊಸತು ಹುಟ್ಟಿತೇ ಎಂದು ನೋಡುವುದು. ರಾತ್ರಿಯ ಹೊತ್ತಿಗೆ ಕಾಲಂ, ಆಮೇಲೆ ದ್ರಾವಕ ಆರಿಸುವ ರೋಟಾ. ಮರುದಿನ ಎನ್‌ಎಂಆರ್ ರಿಪೋರ್ಟ್ ಬಂದಾಗ ಅದು ಬೇಕಾದ ಅಣುವೇ ಅಲ್ಲ ಎಂದು ಗೊತ್ತಾಗುವುದು! ಹತ್ತರಲ್ಲಿ ಆರು ಸಲ ಹೀಗೇ. ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ ಕಡೆ, ಹೈದರಾಬಾದ್ ಸುತ್ತಮುತ್ತ ಇಂಥ ಕೆಲಸ ಧಾರಾಳ. ಆದರೆ ಬಿ.ಎಸ್‌ಸಿ.ಗೆ ಆ ಬಾಗಿಲು ತೆರೆಯುವುದು ಕಡಿಮೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂ.ಎಸ್‌ಸಿ. ಕೇಳುತ್ತಾರೆ. ಕ್ಯೂಸಿಯಲ್ಲಿ ಬಿ.ಎಸ್‌ಸಿ.ಯವರು ಒಳಗೆ ಬರುವುದು ಸುಲಭ. ಆದರೆ ಎಂಟು ಹತ್ತು ವರ್ಷವಾದ ಮೇಲೆ ಮೇಲಿನ ಕುರ್ಚಿ ಬಂದಾಗ ಪದವಿಯ ಲೆಕ್ಕ ಏಳುತ್ತದೆ. ನನ್ನ ಜೊತೆಗಿದ್ದ ಬಹಳ ಜಾಣ ಹುಡುಗಿಯೊಬ್ಬಳು ಆ ಗೋಡೆಗೆ ಬಡಿದುಕೊಂಡದ್ದನ್ನು ಕಂಡಿದ್ದೇನೆ.

ಔಷಧ ಬಿಟ್ಟರೆ ಬೇರೆ ಇಲ್ಲವೆಂದು ತಿಳಿಯಬೇಡ. ನಮ್ಮ ರಾಜ್ಯದಲ್ಲೇ ಎಣಿಸು: ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮು ಪೂರ್ತಿ ರಸದ ಬ್ರಿಕ್ಸ್ ನೋಡುವವರು ಕೆಮಿಸ್ಟ್, ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಯುವವರು ಕೆಮಿಸ್ಟ್, ತೋರಣಗಲ್ಲಿನ ಉಕ್ಕು, ಸೇಡಂ ಕಡೆಯ ಸಿಮೆಂಟ್, ಹಟ್ಟಿಯ ಚಿನ್ನ, ಮಂಗಳೂರಿನ ತೈಲ ಸಂಸ್ಕರಣೆ, ಕೈಗಾ ಸ್ಥಾವರದ ನೀರಿನ ಶುದ್ಧತೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಲ್ಯಾಬು, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಮೇಲೆ ಕೆಲಸ ಮಾಡುತ್ತಿದೆ. ನೀನು ಮೈಗೆ ಹಚ್ಚುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆಯೂ ಒಬ್ಬ ಕೆಮಿಸ್ಟ್ ಇದ್ದಾರೆ, ಎಸ್.ಜಿ. ಶಾಸ್ತ್ರಿ. ಸಂಸ್ಥಾನ ಅವರನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತ್ತು. ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಸರ್ಕಾರಿ ಲ್ಯಾಬುಗಳಲ್ಲಿ ಹುದ್ದೆ ಕರೆಯುವುದು ಯಾವಾಗಲೋ ಒಮ್ಮೆ. ಅರ್ಜಿ ಹಾಕುತ್ತಿರು, ಕಾಯುತ್ತಾ ಕೂರಬೇಡ.

ಈಗ ನಿನ್ನ ಕೈಯಲ್ಲಿರುವ ಕೆಲಸದ ಪತ್ರ. 17 ಸಾವಿರ ಹೊಸಬರಿಗೆ ತೀರಾ ಕಡಿಮೆಯೇನಲ್ಲ, ಆದರೆ ಬೆಂಗಳೂರಿನ ಪಿಜಿ ಬಾಡಿಗೆ, ಊಟ ಕಳೆದು ಊರಿಗೆ ಕಳಿಸಲು ಎಷ್ಟು ಉಳಿಯುತ್ತದೆ ಎಂದು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕು. ಉಳಿಯುವುದು ಬಹಳ ಸಣ್ಣ ಮೊತ್ತ. ಸಾಲ ಅದರಿಂದ ತೀರುವುದಿಲ್ಲ ಎಂಬುದನ್ನು ಮನೆಯವರೂ ನೋಡಲಿ. ನನಗೆ ಒಪ್ಪಿಗೆಯಾಗದ್ದು ಸಂಬಳವಲ್ಲ, ಮೂಲ ಅಂಕಪಟ್ಟಿ. ಅದನ್ನು ಯಾರ ಕೈಗೂ ಕೊಡಬೇಡ. ತೋರಿಸು, ಪರಿಶೀಲಿಸಿ ಜೆರಾಕ್ಸ್ ಇಟ್ಟುಕೊಳ್ಳಲಿ. ನಿನ್ನ ಓದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಳ್ಳುವ ಕಂಪನಿ ನಾಳೆ ನಿನ್ನ 0.6ನ್ನು ಏನು ಮಾಡೀತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೇಲ್ ಬರೆದು ಕೇಳು: ಅಂಕಪಟ್ಟಿ ಇಲ್ಲದೆ ಸೇರಿಸಿಕೊಳ್ಳುತ್ತೀರಾ, ಬಾಂಡನ್ನು ಒಂದು ವರ್ಷಕ್ಕೆ ಇಳಿಸುತ್ತೀರಾ, ಪಾಳಿ ಹೇಗೆ, ರಾತ್ರಿ ಪಾಳಿಗೆ ವಾಹನ ಇದೆಯಾ. ಉತ್ತರದ ಧಾಟಿಯಲ್ಲೇ ಅರ್ಧ ತಿಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಎಂ.ಎಸ್‌ಸಿ. ಮಾಡು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿನಗೆ ದೂರವಲ್ಲ, ಅಲ್ಲಿ ಇಂಡಸ್ಟ್ರಿಯಲ್ ಕೆಮಿಸ್ಟ್ರಿ ವಿಭಾಗವೂ ಇದೆ. ಮಾನಸಗಂಗೋತ್ರಿ, ಧಾರವಾಡ, ಕೊಣಾಜೆಗಳಿಗೂ ಅರ್ಜಿ ಹಾಕು. ಸರ್ಕಾರಿ ಸೀಟು ಸಿಕ್ಕಿ, ಹಾಸ್ಟೆಲ್ ಸಿಕ್ಕಿ, ವಿದ್ಯಾರ್ಥಿವೇತನಕ್ಕೆ ಹಾಕಿಕೊಂಡರೆ ಖರ್ಚು ನೀನು ಹೆದರಿದಷ್ಟು ಆಗುವುದಿಲ್ಲ. ಜೊತೆಗೆ ಎಂ.ಎಸ್‌ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆ. ಸೆಪ್ಟೆಂಬರ್ ಸುಮಾರಿಗೆ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಈ ಸಲದ್ದು ಕೈತಪ್ಪಿದ್ದರೆ ಮುಂದಿನ ಸಲಕ್ಕೆ ಕಣ್ಣಿಡು. ಅದರಲ್ಲಿ ಒಳ್ಳೆಯ ಸ್ಥಾನ ಬಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ದಾರಿ ಇದೆ. ಅಲ್ಲಿ ಓದುವವರಿಗೆ ಮೊದಲಿನಿಂದಲೇ ತಿಂಗಳ ವೇತನ ಬರುತ್ತದೆ. "ನಾನು ಅಂಥ ಬುದ್ಧಿವಂತೆಯಲ್ಲ" ಎಂದು ಅಲ್ಲಿಗೆ ಅರ್ಜಿಯನ್ನೇ ಹಾಕದ ಹುಡುಗಿಯರನ್ನು ನೋಡಿ ಸಾಕಾಗಿದೆ ನನಗೆ. 1933ರಲ್ಲಿ ಕಮಲಾ ಸೊಹೊನಿ (ಆಗಿನ್ನೂ ಭಾಗವತ್) ಅದೇ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಬೇಡವೆಂದರು. ಆಕೆ ಹಟ ಬಿಡಲಿಲ್ಲ. ಒಂದು ವರ್ಷ ನೋಡೋಣ ಎಂಬ ಕರಾರಿನ ಮೇಲೆ ಒಳಗೆ ಬಂದು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ನಿನ್ನನ್ನು ಈಗ ಅಲ್ಲಿ ಯಾರೂ ತಡೆಯುವುದಿಲ್ಲ, ನಿನ್ನ ಹೊರತು.

ಪಿಎಚ್.ಡಿ. ಬಗ್ಗೆ ಈಗಲೇ ತೀರ್ಮಾನ ಬೇಡ. ಎಂ.ಎಸ್‌ಸಿ. ಆದಮೇಲೆ ಸಿಎಸ್‌ಐಆರ್ ನೆಟ್ ಬರೆದು ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37 ಸಾವಿರ ಫೆಲೊಶಿಪ್ ಇದೆ ಎಂಬುದು ತಿಳಿದಿರಲಿ, ಮನೆಯವರಿಗೂ ತಿಳಿಸು. ಐದಾರು ವರ್ಷ ಒಂದೇ ಪ್ರಶ್ನೆಯ ಹಿಂದೆ ಸುತ್ತುವ ಆಸೆ ಆಗ ಹುಟ್ಟಿದರೆ ಹೋಗು. ಮದುವೆ ಮುಂದೂಡಲಿಕ್ಕೆಂದು ಮಾತ್ರ ಸೇರಬೇಡ. ಹಾಗೆ ಸೇರಿದವರನ್ನೂ ಕಂಡಿದ್ದೇನೆ.

ತೋಟದ ಪರಿಸ್ಥಿತಿ ಈ ವರ್ಷ ಓದಲು ಬಿಡುವುದೇ ಇಲ್ಲ ಎಂದಾದರೆ, ಅಂಕಪಟ್ಟಿ ಕೇಳದ ಕಂಪನಿಯಲ್ಲಿ ಒಂದು ವರ್ಷ ಕೆಲಸ ಮಾಡಿ, ಸಂಜೆ ಜಾಮ್‌ಗೆ ಓದಿ, ಮುಂದಿನ ವರ್ಷ ಎಂ.ಎಸ್‌ಸಿ.ಗೆ ಹೋಗು. ಯಂತ್ರದ ಮುಂದೆ ನಿಂತವಳು ಕ್ಲಾಸಿನಲ್ಲಿ ಕ್ರೊಮಟೋಗ್ರಫಿ ಪಾಠವನ್ನು ಬೇರೆಯದೇ ಕಿವಿಯಿಂದ ಕೇಳುತ್ತಾಳೆ. ಒಂದು ವರ್ಷ ಎರಡಾಗಿ ಮೂರಾಗುವುದು ಬಹಳ ಸುಲಭ, ಅದೊಂದೇ ಅಪಾಯ.

ಅತ್ತೆಯ ಮಾತನ್ನು ತಳ್ಳಿಹಾಕಬೇಡ. ಮಲೆನಾಡಿನ ಹೈಸ್ಕೂಲುಗಳಲ್ಲಿ ಟೆಸ್ಟ್‌ಟ್ಯೂಬ್ ಬೀರುವಿನಿಂದ ಹೊರಗೆ ತೆಗೆಯುವ ಟೀಚರ್ ಸಿಕ್ಕರೆ ಮಕ್ಕಳ ಪುಣ್ಯ. ಆದರೆ ಬಿ.ಎಡ್. ಬೇರೇನೂ ತೋಚದಿದ್ದಾಗ ಹೊಗುವ ಚಾವಡಿ ಆಗಬಾರದು. ಎಂ.ಎಸ್‌ಸಿ. ಮುಗಿಸಿ ಬಿ.ಎಡ್. ಮಾಡಿದರೆ ಪಿಯು ಉಪನ್ಯಾಸಕಿಯಾಗಬಹುದು, ನೆಟ್ ಅಥವಾ ಕೆಸೆಟ್ ಆದರೆ ಡಿಗ್ರಿ ಕಾಲೇಜು. ಆ ಬಾಗಿಲು ಎರಡು ವರ್ಷದ ನಂತರವೂ ತೆರೆದೇ ಇರುತ್ತದೆ. ದೊಡ್ಡಪ್ಪನ ಮಗನಿಗೆ ಥ್ಯಾಂಕ್ಸ್ ಹೇಳು. ಸ್ವಲ್ಪ ಪೈಥಾನ್ ಕಲಿಸು ಎಂದು ಕೇಳಿಕೋ, ಲ್ಯಾಬಿನಲ್ಲೂ ಕೆಲಸಕ್ಕೆ ಬರುತ್ತದೆ.

ಅಮ್ಮನ ಭಯವನ್ನು ಮಾತ್ರ ನಗೆಯಾಡಿ ಮುಗಿಸಬೇಡ. ಅದರಲ್ಲಿ ಸತ್ಯವಿದೆ. ಬೆಂಜೀನ್ ಕ್ಯಾನ್ಸರ್ ತರುತ್ತದೆ. ಲ್ಯಾಬಿನಲ್ಲಿ ನೀರಿನಂತೆ ಬಳಸುವ ಡಿಎಂಎಫ್ ಎಂಬ ದ್ರಾವಕ ಗರ್ಭಕ್ಕೆ ಒಳ್ಳೆಯದಲ್ಲ. 2025ರ ಜೂನ್ 30ರಂದು ಹೈದರಾಬಾದ್ ಬಳಿಯ ಪಾಶಮೈಲಾರಂನ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತರು. "ಏನೂ ಆಗಲ್ಲಮ್ಮ" ಎಂದು ಅವರಿಗೆ ಹೇಳಿದರೆ ಅದು ಕಿವಿಯಲ್ಲಿ ಹೇಳಿದ ಬೇರಿಯಂನಷ್ಟೇ ನಿಜ. ಬದಲಿಗೆ ಹೀಗೆ ಹೇಳು: ಎಳೆತವಿರುವ ಫ್ಯೂಮ್ ಹುಡ್ಡಿನೊಳಗೇ ಕೆಲಸ ಮಾಡುತ್ತೇನೆ, ಕನ್ನಡಕ ಗ್ಲೌಸ್ ಇಲ್ಲದೆ ಮುಟ್ಟುವುದಿಲ್ಲ, ಪ್ರತಿ ರಾಸಾಯನಿಕಕ್ಕೂ ಒಂದು ಸುರಕ್ಷತಾ ಹಾಳೆ ಇರುತ್ತದೆ, ಓದದೆ ಸೀಸೆ ತೆರೆಯುವುದಿಲ್ಲ. ಗರ್ಭಿಣಿಯಾದರೆ ಬೆಂಚಿನಿಂದ ದಾಖಲೆ ವಿಭಾಗಕ್ಕೆ ಬದಲಿಸಲು ಕೇಳಬಹುದು, ನನ್ನ ಜೊತೆಯವರು ಹಾಗೆ ಮಾಡಿದ್ದಾರೆ, ನಾನೂ ಮಾಡಿದ್ದೇನೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ. ನನ್ನ ಇಬ್ಬರು ಮಕ್ಕಳೂ ಆರೋಗ್ಯವಾಗಿದ್ದಾರೆ, ಕೆಮಿಸ್ಟ್ರಿ ಎಂದರೆ ಮಾತ್ರ ಇಬ್ಬರಿಗೂ ಆಗುವುದಿಲ್ಲ. ಸಂದರ್ಶನಕ್ಕೆ ಹೋದಲ್ಲಿ ಲ್ಯಾಬು ತೋರಿಸುತ್ತೀರಾ ಎಂದು ಕೇಳು. ತೋರಿಸಿದರೆ ಒಂದು ತೆಳು ಟಿಶ್ಯೂ ಚೂರನ್ನು ಹುಡ್ಡಿನ ಬಾಯಿಗೆ ಹಿಡಿ. ಒಳಕ್ಕೆ ಎಳೆದುಕೊಂಡರೆ ಸರಿ. ಸುಮ್ಮನೆ ನೇತಾಡಿದರೆ ಸಂಬಳ ಎಷ್ಟೇ ಇರಲಿ, ಊರಿಗೆ ಬಸ್ ಹತ್ತು.

ಪರೀಕ್ಷೆಗಳು ಮುಗಿದಮೇಲೆ ಜೂನ್ ಮೊದಲ ವಾರದಲ್ಲಿ ಮನೆಯಲ್ಲೇ ಇರು, ಮೈಲುತುತ್ತ ನೆನೆಹಾಕುವ ದಿನ. ಕಾಲೇಜು ಬಿಡುವ ಮುಂಚೆ ನಿನ್ನ ಸರ್‌ನ ಕೇಳಿ ಪಿಎಚ್ ಕಾಗದದ ನಾಲ್ಕು ಪಟ್ಟಿ ತಂದಿಟ್ಟುಕೋ. ಅಪ್ಪಯ್ಯ ಕತ್ತಿ ಅದ್ದಲಿ, ನೀನು ಕಾಗದ ಅದ್ದು. ಕತ್ತಿ ಸರಿಯಿದೆ ಎಂದಾಗ ಕಾಗದ ಏನು ಹೇಳುತ್ತದೆ, ಇಬ್ಬರೂ ಒಟ್ಟಿಗೆ ನೋಡಿ. ಎರಡೂ ಹೊಂದದಿದ್ದರೆ ಯಾರದು ಸರಿ ಎಂದು ಅಲ್ಲೇ ವಾದ ಮಾಡಿ, ಇನ್ನೊಂದು ಬಕೆಟ್ ಕಲಸಿ. ಬಂದ ಅಂಕಿಯನ್ನು ನನಗೆ ಬರೆದು ಕಳಿಸು, ಬಂದದ್ದನ್ನೇ.